ಮಗಳನ್ನ ಕಾನ್ವೆಂಟ್ ಬಿಡಿಸಿ ಸರ್ಕಾರಿ ಕನ್ನಡ ಶಾಲೆಗೆ ಹಾಕ್ತಿದ್ದೀವಿ, ಹೀಗೆ ಮಾಡಿದವರು ಇದ್ದೀರಾ?

ನಿಟುವಳ್ಳಿ ಅಮ್ಮ

ದಾವಣಗೆರೆ, ಚಿತ್ರದುರ್ಗದ ಕಡೆಯ ತಂದೆತಾಯಂದಿರೇ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಮಗಳು ಈಗ ಯುಕೆಜಿ, ಜೂನ್‌ಗೆ ಆರು ತುಂಬುತ್ತೆ. ಇಂಗ್ಲಿಷ್ ಮೀಡಿಯಂ ಶಾಲೆ, ಹೆಸರು ಬೇಡ. ಅಲ್ಲಿ 'ಮೈ ಹೌಸ್' ಅಂತ ಐದು ವಾಕ್ಯ ಬಾಯಿಪಾಠ ಮಾಡಿಸಿದ್ದಾರೆ. ಮನೆ ಮುಂದೆ ಗಾರ್ಡನ್ ಇದೆ ಅನ್ನೋದು ಅದರಲ್ಲೊಂದು. ನಾವಿರೋದು ಮೊದಲನೇ ಮಹಡಿ, ಇರೋದೊಂದು ತುಳಸಿ ಕುಂಡ. "ತುಳಸಿ ಗಿಡ ಇದೆ ಅಂತ ಹೇಳು ಪುಟ್ಟಿ" ಅಂದರೆ "ಮಿಸ್ ಹೇಳಿಕೊಟ್ಟಿದ್ದು ಗಾರ್ಡನ್, ಬೇರೆ ಹೇಳಿದ್ರೆ ಸ್ಟಾರ್ ಕೊಡಲ್ಲ" ಅಂತ ಅತ್ತೇಬಿಟ್ಟಳು. ಅದೇ ಹುಡುಗಿ ರಾತ್ರಿ ಅಜ್ಜಿ ಪಕ್ಕ ಮಲಗಿ ತಾನೇ ಕಥೆ ಕಟ್ಟಿ ಹೇಳ್ತಾಳೆ, ನಿಲ್ಲಿಸೋದೇ ಇಲ್ಲ.

ಮನೆ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು, ನಮ್ಮನೆಯವರು ಹೋಗಿ ನಲಿಕಲಿ (ಸಣ್ಣ ತರಗತಿ ಮಕ್ಕಳಿಗೆ ಕಾರ್ಡ್ ಇಟ್ಟು ಕಲಿಸೋ ಪದ್ಧತಿ) ಕೊಠಡಿ ನೋಡಿ ಬಂದ್ವಿ. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನ ಚಪ್ಪರದ ಥರ ತೂಗುಹಾಕಿದ್ದಾರೆ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕಾರ್ಡ್ ಹಿಡಿದು ಕೂತಿರ್ತಾರೆ. ಅಕ್ಷರ ಅ ಆ ಇ ಈ ಅಂತ ಶುರುವಾಗಲ್ಲ, ರ ಗ ಸ ದ ಅ ಅಂತ ಶುರು. ಆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಒಬ್ಬ ಹುಡುಗ 'ಗರಗಸ' ಓದಿ ನಮ್ಮ ಕಡೆ ತಿರುಗಿ, "ನಮ್ಮಪ್ಪನ ಹತ್ರ ಐತೆ" ಅಂದ. ನಮ್ಮ ತೀರ್ಮಾನ ಅಲ್ಲೇ ಆಯ್ತು.

ಈಗ ಅತ್ತೆ ಸರಿಯಾಗಿ ಮಾತಾಡ್ತಿಲ್ಲ. ನಾದಿನಿ "ಅಣ್ಣನ ಅಂಗಡಿ ನಷ್ಟದಲ್ಲಿದೆಯಾ?" ಅಂತ ಕೇಳಿದಳು. ಫೀಸಿನ ಪ್ರಶ್ನೆ ಅಲ್ಲವೇ ಅಲ್ಲ ಅಂದರೂ ಯಾರೂ ನಂಬ್ತಿಲ್ಲ. ಹೀಗೆ ಮಾಡಿದವರು ಮನೆಯವರನ್ನ ಹೇಗೆ ಒಪ್ಪಿಸಿದ್ರಿ? ಸೇರಿಸೋ ಮುಂಚೆ ಏನೇನು ನೋಡಬೇಕು?

ಹರಿಹರದ ಅಪ್ಪ

ಅಕ್ಕಾರೆ, ಬೇಜಾರು ಮಾಡ್ಕೋಬೇಡಿ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಮ್ಮೇ. ದಾವಣಗೆರೆಗೆ ಬಂದು ಪಿಯುಸಿ ಸೈನ್ಸ್ ಸೇರಿದೆ. ಲೆಕ್ಚರರ್ ಇಂಗ್ಲಿಷಲ್ಲಿ ಶುರು ಮಾಡಿದ್ರೆ ಗೊತ್ತಿದ್ದ ಪಾಠವೂ ಗೊತ್ತಿಲ್ಲ ಅನ್ನಿಸ್ತಿತ್ತು. ಎದ್ದು ಡೌಟ್ ಕೇಳೋಕೆ ಬಾಯಿ ಬರ್ತಿರಲಿಲ್ಲ. ಕೊನೆಗೆ ಸೈನ್ಸ್ ಬಿಟ್ಟು ಬಿ.ಎ. ಮಾಡಿದೆ. ನನ್ನ ಮಕ್ಕಳಿಗೆ ಆ ಕಷ್ಟ ಬೇಡ ಅಂತ ಇಂಗ್ಲಿಷ್ ಮೀಡಿಯಮ್ಮಿಗೇ ಹಾಕಿದ್ದೀನಿ. ಒಂದನೇ ಕ್ಲಾಸು ಚೆನ್ನಾಗೇ ಇರುತ್ತೆ, ಹನ್ನೊಂದನೇ ಕ್ಲಾಸನ್ನೂ ಈಗಲೇ ಯೋಚನೆ ಮಾಡಿ.

ಹೊಳಲ್ಕೆರೆ ತಾಯಿ

ಹರಿಹರದ ಅಣ್ಣ ಹೇಳಿದ್ದನ್ನ ತಳ್ಳಿಹಾಕೋ ಹಾಗಿಲ್ಲ. ನನ್ನ ದೊಡ್ಡ ಮಗ ಸರ್ಕಾರಿ ಕನ್ನಡ ಶಾಲೆಯಲ್ಲೇ ಹತ್ತು ಮುಗಿಸಿ ಈಗ ಸೆಕೆಂಡ್ ಪಿಯುಸಿ ಸೈನ್ಸ್. ಆ ಕಷ್ಟಕ್ಕೆ ನಾವು ಎಂಟನೇ ಕ್ಲಾಸಿಂದಲೇ ತಯಾರಿ ಮಾಡ್ಕೊಂಡ್ವಿ. ವಿಜ್ಞಾನ, ಗಣಿತದ ಪುಸ್ತಕ ಎರಡೂ ಮಾಧ್ಯಮದ್ದು ಮನೇಲಿ ಇಟ್ಟುಕೊಂಡ್ವಿ. ಪಾಠ ಅದೇ, ಚಿತ್ರ ಅದೇ, ಲೆಕ್ಕವೂ ಅವೇ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತೆ. ಮೊದಲು ಕನ್ನಡದಲ್ಲಿ ಓದಿ ಅರ್ಥ ಮಾಡ್ಕೊಳ್ಳೋದು, ಆಮೇಲೆ ಅದೇ ಪಾಠ ಇಂಗ್ಲಿಷಲ್ಲಿ ಜೋರಾಗಿ ಓದೋದು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಪಕ್ಕದಲ್ಲಿ ಕೂತಿರ್ತಿದ್ದೆ. ಫಸ್ಟ್ ಪಿಯುಸಿ ಶುರುವಲ್ಲಿ ತಡವರಿಸಿದ, ದಸರಾ ರಜೆ ಹೊತ್ತಿಗೆ ಸರಿಹೋದ.

ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಕಾಲೇಜಿನ ಪಾಠ ಇಂಗ್ಲಿಷಲ್ಲೇ, ಅದನ್ನ ಮರೀಬೇಡಿ. ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ. 5 ಮೀಸಲಾತಿ ಇದೆ. ಅದೊಂದನ್ನೇ ನಂಬಿ ಸೇರಿಸಬೇಡಿ ಅಂತ ನನ್ನ ಮಾತು.

ಅತ್ತೆಯವರ ಜೊತೆ ವಾದಕ್ಕೆ ಹೋಗಬೇಡಿ. ಕರ್ಕೊಂಡು ಹೋಗಿ ಆ ಗರಗಸದ ಹುಡುಗನ ಪಕ್ಕ ಕೂರಿಸಿ.

ಹಿರಿಯೂರು ಮೇಷ್ಟ್ರು (ನಿವೃತ್ತ)

ತಾಯಿ, ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು, ಒಬ್ಬೊಬ್ಬರೂ ತಮ್ಮ ತಮ್ಮ ವೇಗಕ್ಕೆ ಏಣಿ ಹತ್ತಿದ ಹಾಗೆ ಕಲಿಯೋ ಪದ್ಧತಿ. ಒಳ್ಳೆ ಟೀಚರ್ ಸಿಕ್ಕರೆ ಇದಕ್ಕಿಂತ ಚೆನ್ನಾಗಿರೋದನ್ನ ನಾನಂತೂ ನೋಡಿಲ್ಲ. ಸಿಗದಿದ್ದರೆ ಕಾರ್ಡು ಬೀರುವಿನಲ್ಲೇ ಇರುತ್ತೆ. ಆದ್ದರಿಂದ ಗೋಡೆ ಬಣ್ಣ ನೋಡಬೇಡಿ, ಶಿಕ್ಷಕರೆಷ್ಟು ಜನ ಅಂತ ಕೇಳಿ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ಒಬ್ಬರ ತಲೆ ಮೇಲೇ ಬಿದ್ದಿದ್ದರೆ ಪಾಠ ಮಾಡೋದು ಯಾವಾಗ? ನಾಲ್ಕನೇ ತರಗತಿ ಮಗುವಿಗೆ ಮೂರನೇ ತರಗತಿ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ. ಸರಾಗವಾಗಿ ಓದಿದರೆ ಧೈರ್ಯವಾಗಿ ಸೇರಿಸಿ. ಇಂಗ್ಲಿಷ್ 2007-08ರಿಂದ ಒಂದನೇ ತರಗತಿಯಲ್ಲೇ ಒಂದು ವಿಷಯವಾಗಿ ಇದೆ.

ಮಾಧ್ಯಮದ ಆಯ್ಕೆ ತಂದೆತಾಯಿಗೆ ಬಿಟ್ಟದ್ದು, ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿತು. ಆವತ್ತು ನನಗೆ ಬಹಳ ಸಂಕಟವಾಗಿತ್ತು. ಆದರೆ ಅದೇ ತೀರ್ಪಿನ ಪ್ರಕಾರ ನಿಮ್ಮ ಆಯ್ಕೆಗೂ ಅಷ್ಟೇ ಬೆಲೆ ಇದೆ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ನಿಟುವಳ್ಳಿ ಅಮ್ಮ

ಎಲ್ಲರಿಗೂ ಮನಸಾರೆ ಧನ್ಯವಾದ. ಹರಿಹರದ ಅಣ್ಣಾ, ನಿಮ್ಮ ಮಾತು ನೆನಪಿಟ್ಟುಕೊಳ್ತೀನಿ, ಹೊಳಲ್ಕೆರೆಯವರ ಎರಡು ಪುಸ್ತಕದ ಉಪಾಯವನ್ನೂ. ಇವತ್ತು ಹೆಡ್‌ಮೇಡಂಗೆ ಫೋನ್ ಮಾಡಿ ಕೇಳಿದೆ. ನಲಿಕಲಿಗೆ ಇಬ್ಬರು ಟೀಚರ್ ಇದ್ದಾರೆ, ಇಂಗ್ಲಿಷ್ ಟೀಚರ್ ಹುದ್ದೆ ಮಾತ್ರ ಖಾಲಿ. ಮೇಷ್ಟ್ರೇ, ಇದಕ್ಕೇನು ಮಾಡೋದು?

ಹಿರಿಯೂರು ಮೇಷ್ಟ್ರು (ನಿವೃತ್ತ)

ಮಗಳನ್ನ ಸೇರಿಸಿದ ಮೇಲೆ ನೀವು ಎಸ್‌ಡಿಎಂಸಿಗೆ, ಅಂದರೆ ತಂದೆತಾಯಂದಿರಿರೋ ಶಾಲಾಭಿವೃದ್ಧಿ ಸಮಿತಿಗೆ ಸೇರಿ. ಅತಿಥಿ ಶಿಕ್ಷಕರು ಬೇಕು ಅಂತ ಸಮಿತಿಯ ಹೆಸರಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಒಬ್ಬರೇ ಹೋಗಬೇಡಿ, ಆ ಗರಗಸದ ಹುಡುಗನ ಅಪ್ಪನನ್ನೂ ಕರ್ಕೊಂಡು ಹೋಗಿ.