ಮಾಳಿಗೆ ಖಾಲಿ ಮಾಡಬೇಕು, ಕುಂಡದ ಮೆಣಸಿನಕಾಯಿ ಇನ್ನೂ ಹಸಿರು. ಕೀಳಲಾ, ಕಾಯಲಾ?

ಗುಮ್ಮಟದ_ನೆರಳು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಬಾಡಿಗೆ ಮನೆ, ಮಾಳಿಗೆ ಮೇಲೆ ಎಂಟು ಕುಂಡ ಇಟ್ಟಿದ್ದೇನೆ. ಅದರಲ್ಲಿ ಮೂರು ಭೂತ್ ಜೊಲೊಕಿಯಾ, ಭಾರೀ ಖಾರದ ಮೆಣಸಿನಗಿಡ. ನಮ್ಮ ಭಾವ ಮಿಲಿಟರಿಯಲ್ಲಿದ್ದಾರೆ, ಅಸ್ಸಾಂನ ತೇಜಪುರದಲ್ಲಿದ್ದಾಗ ಅಲ್ಲಿನ ಸಂತೆಯಿಂದ ನಾಲ್ಕು ಒಣಕಾಯಿ ತಂದುಕೊಟ್ಟಿದ್ದರು, ಅದರ ಬೀಜ ಇದು. ಜೂನ್‌ನಲ್ಲಿ ಹಾಕಿದೆ. ಮೊಳಕೆ ಬರೋಕೇ ಮೂರು ವಾರ ಹಿಡಿಯಿತು, ಸತ್ತೇ ಹೋಯಿತು ಅಂದುಕೊಂಡು ಆ ಕುಂಡಕ್ಕೆ ಮೆಂತ್ಯ ಹಾಕೋಣ ಅಂತಿದ್ದೆ. ದಸರಾ ಹೊತ್ತಿನ ಹೂವೆಲ್ಲ ಉದುರಿತು, ದೀಪಾವಳಿ ಆದಮೇಲೆ ಬಂದದ್ದು ನಿಂತಿತು.

ಈಗ ಫೆಬ್ರವರಿ ಕೊನೆ. ಒಟ್ಟು 37 ಕಾಯಿ ಇವೆ, ದಿನಾ ಎಣಿಸುತ್ತೇನೆ, ನಗಬೇಡಿ. ಎರಡೇ ಎರಡಕ್ಕೆ ತೊಟ್ಟಿನ ಹತ್ತಿರ ಕಿತ್ತಳೆ ಬಣ್ಣ ಬಂದಿದೆ, ಉಳಿದ 35 ಪೂರಾ ಹಸಿರು. ಇದರ ಮಧ್ಯೆ ಮನೆ ಮಾಲೀಕರು ಮಾಳಿಗೆ ಸೋರುತ್ತೆ, ಹತ್ತು ದಿನದಲ್ಲಿ ಕೆಲಸದವರು ಬರ್ತಾರೆ, ಎಲ್ಲ ತೆಗೀರಿ ಅಂದಿದ್ದಾರೆ. ಕೆಳಗೆ ಇಳಿಸಿದರೆ ಜಾಗ ಇರೋದು ಮನೆ ಪಕ್ಕದ ಓಣಿಯಲ್ಲಿ, ಅಲ್ಲಿ ಬಿಸಿಲು ಬರೋದು ಮಧ್ಯಾಹ್ನ ಅರ್ಧ ಗಂಟೆ.

ಹಸಿರಲ್ಲೇ ಕಿತ್ತರೆ ಮಾವಿನಕಾಯಿ ತರಹ ಜೋಳದ ಚೀಲದಲ್ಲಿಟ್ಟು ಹಣ್ಣು ಮಾಡಬಹುದಾ? ಹಸಿ ಕಾಯಿಗೆ ಖಾರ ಇರುತ್ತಾ, ಸಪ್ಪೆನಾ? ಮೇಲಾಗಿ 37 ಕಾಯಿ ಇಟ್ಟುಕೊಂಡು ಏನು ಮಾಡೋದು? ಮನೆಯವಳು ಒಂದೇ ಕಾಯಿ ಒಂದು ತಿಂಗಳಿಗಾಯ್ತು ಅಂತಾಳೆ. ಒಂದು ಗಿಡದ ತುದಿ ಎಲೆ ದೋಣಿ ತರಹ ಮೇಲಕ್ಕೆ ಮಡಚಿಕೊಂಡಿದೆ, ಅದಕ್ಕೂ ಏನಾದರೂ ಹೇಳಿ.

ಮಸಾರಿ_ಮಣ್ಣು (ಬಾಗಲಕೋಟೆ)

ಕೀಳಿ. ಕಾಯೋದರಲ್ಲಿ ಅರ್ಥ ಇಲ್ಲ.

ಮಾವು, ಬಾಳೆ ಕಿತ್ತಮೇಲೂ ಹಣ್ಣಾಗುತ್ತವೆ. ಮೆಣಸಿನಕಾಯಿ ಹಾಗಲ್ಲ ರೀ. ಗಿಡದಲ್ಲೇ ಬಣ್ಣ ತಿರುಗೋಕೆ ಶುರುವಾಗಿದ್ದರೆ ಮಾತ್ರ ಮನೆಯೊಳಗೆ ಕೆಂಪಾಗುತ್ತೆ. ನಿಮ್ಮ ಆ ಎರಡು ಕಾಯಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟರೂ ಆಗುತ್ತವೆ. ಉಳಿದವು ಜೋಳದ ಚೀಲದಲ್ಲಿ ಸುಕ್ಕುಗಟ್ಟುತ್ತವೆ ಅಷ್ಟೇ.

ನಿಮ್ಮದು ಇಷ್ಟು ತಡವಾಗಿದ್ದಕ್ಕೆ ಎರಡು ಕಾರಣ. ಈ ಜಾತಿಯೇ ನಿಧಾನ, ನಮ್ಮ ಜ್ವಾಲಾ ಮೆಣಸಿನಕಾಯಿ ಲೆಕ್ಕ ಇದಕ್ಕೆ ಹಿಡಿಯಬೇಡಿ. ಇನ್ನೊಂದು, ಡಿಸೆಂಬರ್ ಜನವರಿಯ ರಾತ್ರಿ ಚಳಿ. ಚಳಿಗೆ ಕಾಯಿ ಬೆಳೆದು ನಿಲ್ಲುತ್ತೆ, ಬಣ್ಣ ತಿರುಗಲ್ಲ. ಇನ್ನು ತಿಂಗಳು ಬಿಟ್ಟರೆ ತಿರುಗುತ್ತಿತ್ತು, ಆದರೆ ನೆರಳಿನ ಓಣಿಯಲ್ಲಿ ಅದೂ ಅನುಮಾನ.

ಕೀಳೋ ಮುಂಚೆ ಒಂದು ಕಾಯಿ ಉದ್ದಕ್ಕೆ ಸೀಳಿ ನೋಡಿ. ಬೀಜ ಗಟ್ಟಿಯಾಗಿ ತಿಳಿ ಹಳದಿ ಇದ್ದರೆ ಕಾಯಿ ಬಲಿತಿದೆ, ಬೀಜ ಬೆಳ್ಳಗೆ ಮೆತ್ತಗೆ ಇದ್ದರೆ ಎಳೆಯದು. ಎಳೆಯವನ್ನು ಗಿಡದಲ್ಲೇ ಬಿಡಿ, ಬಂದಷ್ಟು ಬರಲಿ. ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸಿ. ಕೈಯಿಂದ ಎಳೆದರೆ ಟೊಂಗೆಯೇ ಮುರಿದು ಬರುತ್ತೆ, ನಾನು ಹಾಗೆ ಒಂದು ಗಿಡ ಅರ್ಧ ಕಳೆದುಕೊಂಡಿದ್ದೇನೆ. ಮುಂದಿನ ವರ್ಷಕ್ಕೆ ಬೀಜ ಬೇಕಿದ್ದರೆ ಆ ಎರಡು ಹಣ್ಣಿನದೇ ಇಟ್ಟುಕೊಳ್ಳಿ.

ಗಿಡ ಬಿಸಾಕಬೇಡಿ. ನಾವು ಹೊಲದಲ್ಲಿ ವರ್ಷಕ್ಕೊಮ್ಮೆ ಕೀಳ್ತೀವಿ ಅಂತ ಮೆಣಸಿನಗಿಡದ ಆಯುಷ್ಯ ಒಂದೇ ವರ್ಷ ಅಲ್ಲ, ಕುಂಡದಲ್ಲಿ ಎರಡು ಮೂರು ವರ್ಷ ಬಾಳುತ್ತೆ. ಎಳೆಕಾಯಿ ಇರೋ ಟೊಂಗೆ ಬಿಟ್ಟು ಉಳಿದದ್ದನ್ನು ಸವರಿ ಓಣಿಯಲ್ಲಿಡಿ. ಹೇಗೂ ಏಪ್ರಿಲ್ ಮೇನಲ್ಲಿ ವಿಜಯಪುರದ 40 ಡಿಗ್ರಿಗೆ ಹೂವು ನಿಲ್ಲಲ್ಲ, ಉದುರುತ್ತೆ. ಆ ಎರಡು ತಿಂಗಳು ನೆರಳೇ ಒಳ್ಳೇದು. ಮೃಗಶಿರಾ ಮಳೆ ಬಿದ್ದಾಗ ಮತ್ತೆ ಮೇಲೆ ಹತ್ತಿಸಿ.

ಎಲೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ನಿಮ್ಮದು ಥ್ರಿಪ್ಸ್ ಇರಬೇಕು. ಸವರುವಾಗ ಆ ತುದಿಗಳನ್ನೇ ತೆಗೆದುಬಿಡಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು, ಸಂಜೆ ಹೊತ್ತು ಎಲೆ ಅಡಿಗೂ ಬೀಳೋ ಹಾಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ.

ಕುಂಡಕ್ಕೆ ಯಾವ ಮಣ್ಣು ಹಾಕಿದ್ದೀರಿ? ಬರೀ ಎರಿ ಮಣ್ಣಾದರೆ, ಅಂದರೆ ಕಪ್ಪು ಮಣ್ಣಾದರೆ, ಅದೇ ಅರ್ಧ ತಾಪತ್ರಯ. ನೀರು ಹಾಕಿದಾಗ ರಾಡಿ, ಒಣಗಿದಾಗ ಬಿರುಕು, ಆ ಬಿರುಕಲ್ಲೇ ಬೇರು ಹರಿಯುತ್ತೆ.

ಬರೀ_ಓದುಗ (ಬಾಗಲಕೋಟೆ)

ಹಸಿರಲ್ಲಿ ಅಷ್ಟೇನು ಖಾರ ಇರಲ್ಲ ಬಿಡಿ. ಬೀಜ ಉದುರಿಸಿದರೆ ಮಕ್ಕಳೂ ತಿನ್ನಬಹುದು.

ಖಾನಾಪುರದ_ಸೊಸೆ (ಬೆಳಗಾವಿ)

ಮೇಲಿನ ಮಾತು ಕೇಳಬೇಡ ತಮ್ಮಾ, ಆಸ್ಪತ್ರೆ ಸೇರ್ತೀಯ!

ಖಾರ ಇರೋದು ಬೀಜದಲ್ಲಿ ಅಲ್ಲ. ಬೀಜ ಅಂಟಿಕೊಂಡಿರುತ್ತಲ್ಲ, ಆ ಬಿಳಿ ತಿರುಳು, ಖಾರ ಹುಟ್ಟೋದು ಅಲ್ಲಿ. ಬೀಜಕ್ಕೆ ಅದು ತಾಗಿರುತ್ತೆ ಅಷ್ಟೇ. ಕಾಯಿ ಬೆಳೀತಾ ಬೆಳೀತಾನೇ ಖಾರ ತುಂಬುತ್ತೆ, ಕೆಂಪಾಗಲಿ ಅಂತ ಕಾಯಲ್ಲ. 2007ರಲ್ಲಿ ಗಿನ್ನೆಸ್‌ನವರು ಜಗತ್ತಿನಲ್ಲೇ ಖಾರ ಅಂತ ಬರೆದುಕೊಂಡ ಕಾಯಿ ಇದು, ಖಾರ ಅಳೆಯೋ ಸ್ಕೋವಿಲ್ ಲೆಕ್ಕದಲ್ಲಿ ಹತ್ತು ಲಕ್ಷ ದಾಟಿತ್ತು. ಆಮೇಲೆ ಬೇರೆಯವು ಅದನ್ನು ಹಿಂದೆ ಹಾಕಿದವು, ಆದರೆ ನಮ್ಮ ನಾಲಿಗೆಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಹಸಿರಲ್ಲಿ ಕಮ್ಮಿ ಇರೋದು ಪರಿಮಳ. ಹಣ್ಣಾದರೆ ಹಣ್ಣಿನದೇ ವಾಸನೆ, ಹಸಿರಿದ್ದಾಗ ಸ್ವಲ್ಪ ಹುಲ್ಲು ಹುಲ್ಲು. ಅದಕ್ಕೆ ಬೇಜಾರೇಕೆ, ನಾವು ದಿನಾ ತಿನ್ನೋ ಹಸಿಮೆಣಸಿನಕಾಯಿ ಅಂದರೇನೇ ಹಣ್ಣಾಗದ ಕಾಯಿ ತಾನೇ?

ನನ್ನ ಕಥೆ ಕೇಳು. ಹೋದ ವರ್ಷ ಮೈದುನ ಇದೇ ಕಾಯಿ ಹಸಿರಾಗಿದ್ದಾಗಲೇ ಐದಾರು ಕೊಟ್ಟಿದ್ದ. ಠೇಚಾ (ಕುಟ್ಟಿದ ಮೆಣಸಿನಕಾಯಿ ಚಟ್ನಿ) ಮಾಡೋಣ ಅಂತ ಮಾಮೂಲಿ ಕಾಯಿ ಜೊತೆ ಎರಡು ಇದನ್ನೂ ಹಂಚಿನ ಮೇಲೆ ಎಣ್ಣೆ ಬಿಟ್ಟು ಹುರಿದೆ. ಹೊರಗೆ ಜಿಟಿಜಿಟಿ ಮಳೆ, ಕಿಟಕಿ ಹಾಕಿತ್ತು. ಎರಡೇ ನಿಮಿಷ. ಘಾಟು ಎದ್ದಿತು ನೋಡು, ಅತ್ತೆ ದೇವರ ಕೋಣೆಯಿಂದ ಸೆರಗು ಮೂಗಿಗೆ ಹಿಡಿದು ಓಡಿ ಬಂದರು, ಮಕ್ಕಳು ಹೊರಗೆ ಕಟ್ಟೆ ಮೇಲೆ, ನಾನು ಕಣ್ಣು ಬಿಡೋಕಾಗದೆ ಗ್ಯಾಸ್ ಬಟನ್ ಹುಡುಕ್ತಾ ಇದ್ದೆ. ಮಾರನೇ ದಿನ ಅದೇ ಮಿಕ್ಸಿ ಜಾರಲ್ಲಿ ಬರೀ ಕೊಬ್ಬರಿ ಚಟ್ನಿ ರುಬ್ಬಿದರೂ ಖಾರ. ಮುಚ್ಚಳದ ರಬ್ಬರಿನಲ್ಲಿ ಉಳಿದಿತ್ತು.

ಹಾಗಾಗಿ ಇದನ್ನು ಹುರಿಯಲೇಬೇಡ. ಕಾಲು ಕಿಲೋ ಮಾಮೂಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಎಣ್ಣೆಯಲ್ಲಿ ಬಾಡಿಸಿ ಆರಿಸಿ, ಬಿಳಿ ತಿರುಳು ತೆಗೆದ ನಿನ್ನ ಕಾಯಿ ಒಂದೇ ಒಂದು ಹಸಿದೇ ಹಾಕಿ ಉಪ್ಪಿನ ಜೊತೆ ಕಲ್ಲಿನಲ್ಲಿ ಕುಟ್ಟು. ಬಿಸಿ ರೊಟ್ಟಿ, ಕೆನೆಮೊಸರು ಜೊತೆ ಚೆನ್ನಾಗಿರುತ್ತೆ. ಫ್ರಿಜ್‌ನಲ್ಲಿಟ್ಟು ಒಂದು ವಾರದಲ್ಲಿ ಮುಗಿಸು, ಎಣ್ಣೆ ಬೆಳ್ಳುಳ್ಳಿ ಇರೋದನ್ನ ಹೊರಗಿಡಬಾರದು.

ಉಳಿದದ್ದಕ್ಕೆ ನಿಂಬೆಹಣ್ಣಿನ ಉಪ್ಪಿನಕಾಯಿ. 20 ಹಣ್ಣಿಗೆ ಮೂರು ಕಾಯಿ ಸೀಳಿ ಹಾಕು, ಸಾಕು. ಇನ್ನೊಂದು ಸುಲಭದ್ದು, ಗಾಲಿಯಾಗಿ ಹೆಚ್ಚಿ ಬಾಟಲಿಗೆ ತುಂಬಿ ಉಪ್ಪು, ಚೂರು ಸಕ್ಕರೆ, ಮೇಲೆ ಮುಳುಗೋ ಹಾಗೆ ವಿನಿಗರ್. ಹದಿನೈದು ದಿನಕ್ಕೆ ಕಾಯಿಯ ಖಾರ ಅದಕ್ಕೆ ಇಳಿದಿರುತ್ತೆ. ಗಿರ್ಮಿಟ್ ಮೇಲೆ ಆ ರಸ ಅರ್ಧ ಚಮಚ ಹಾಕಿ ನೋಡು. ಮಜ್ಜಿಗೆಯಲ್ಲಿ ನೆನೆಸಿ ಬಾಳಕ ಮಾಡ್ತೀನಿ ಅನ್ನಬೇಡ, ಕೊನೆಗೆ ಅದನ್ನೂ ಕರೀಬೇಕು, ಮತ್ತೆ ಅದೇ ಘಾಟು.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೋ. ಉರಿ ಹತ್ತಿದರೆ ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ ಆಮೇಲೆ ಸೋಪು, ಬರೀ ನೀರಿಗೆ ಹೋಗಲ್ಲ. ಬಾಯಿಗೆ ಹತ್ತಿದರೆ ಮೊಸರು.

ಬರೀ_ಓದುಗ (ಬಾಗಲಕೋಟೆ)

ತಪ್ಪಾಯ್ತು ಅಕ್ಕಾ. ನಾನು ನೋಡಿದ್ದು ಬ್ಯಾಡಗಿ ಕಾಯಿ ಮಾತ್ರ 😅

ಮಸಾರಿ_ಮಣ್ಣು (ಬಾಗಲಕೋಟೆ)

ಬ್ಯಾಡಗಿ ಬೆಳೆಯೋದೇ ಬಣ್ಣಕ್ಕೆ ಮಾರಾಯಾ, ಖಾರ ಕಮ್ಮಿ. ಅದನ್ನು ಗಿಡದಲ್ಲೇ ಕೆಂಪು ಮಾಡಿ ಕೀಳೋದೂ ಅದಕ್ಕೇ.

ಗುಮ್ಮಟದ_ನೆರಳು (ವಿಜಯಪುರ)

ಅಕ್ಕಾ, ಮಸಾರಿ ಅಣ್ಣಾ, ಇಬ್ಬರಿಗೂ ದೊಡ್ಡ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಒಂದು ಕಾಯಿ ಸೀಳಿ ನೋಡಿದೆ, ಬೀಜ ಗಟ್ಟಿ, ತಿಳಿ ಹಳದಿ. 24 ಕಿತ್ತೆ. ಸಣ್ಣವು ಹತ್ತು ಗಿಡದಲ್ಲೇ ಬಿಟ್ಟಿದ್ದೇನೆ, ಬಣ್ಣ ಬಂದ ಎರಡು ಕಿಟಕಿಯಲ್ಲಿವೆ. ಮಣ್ಣು ಹೌದು, ಬರೀ ಎರಿ ಮಣ್ಣೇ. ಭಾವನ ಹೊಲದಿಂದ ಪುಕ್ಕಟೆ ಸಿಕ್ಕಿತ್ತು. ಜೂನ್‌ನಲ್ಲಿ ಅರ್ಧ ಮಸಾರಿ (ಕೆಂಪು ಮಣ್ಣು), ಕಾಲು ಭಾಗ ಕುರಿ ಗೊಬ್ಬರ, ಕಾಲು ಭಾಗ ಕೋಕೋಪೀಟ್ ಹಾಕಿ ಬದಲಾಯಿಸ್ತೀನಿ, ಸರಿ ಅಲ್ವಾ?

ಠೇಚಾ ಕುಟ್ಟಿದ್ದೂ ಆಯಿತು. ಒಂದು ಹಾಕಿ ಅಂದಿದ್ದಿರಿ, ಅರ್ಧ ಹಾಕಿದೆ. ಮನೆಯವಳು ರೊಟ್ಟಿ ತುದಿಗೆ ತಾಗಿಸಿಕೊಂಡು ತಿಂದು, ಏನೂ ಮಾತಾಡದೆ ಎದ್ದುಹೋಗಿ ಮೊಸರಿನ ಗಡಿಗೆಯನ್ನೇ ಎತ್ತಿಕೊಂಡು ಬಂದಳು. ಮಾಲೀಕರಿಗೂ ಒಂದು ಬಟ್ಟಲು ಕೊಟ್ಟಿದ್ದೇನೆ. ಇನ್ನೂ ಏನೂ ಸುದ್ದಿ ಇಲ್ಲ.