ಗಂಡು ಮರಿಯ ಬೀಜ ಒಡೆಯುವುದಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಬೆನ್ಯಾಮಿನ್ ಅವರ 'ಆಡುಜೀವಿತಂ' ಕಾದಂಬರಿಯನ್ನು ಈಚೆಗೆ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಮಲಯಾಳದಲ್ಲಿ 2008ರಲ್ಲಿ ಬಂದ ಪುಸ್ತಕ. 2024ರ ಸಿನಿಮಾ ನೋಡಿದವರಿಗೆ ಕತೆ ಗೊತ್ತೇ ಇದೆ. ಕೆಲಸಕ್ಕೆಂದು ಸೌದಿಗೆ ಹೋದ ನಜೀಬನನ್ನು ಯಾರೋ ವಿಮಾನ ನಿಲ್ದಾಣದಿಂದಲೇ ಗಾಡಿ ಹತ್ತಿಸಿಕೊಂಡು ಹೋಗಿ ಮರುಭೂಮಿಯಲ್ಲಿ ಆಡು ಕಾಯೋಕೆ ಹಾಕುತ್ತಾರೆ.

ನಜೀಬನ ಜೊತೆಗೇ ಹೋಗಿ ಸಿಕ್ಕಿಬಿದ್ದ ಹುಡುಗ ಹಕೀಮ್ ಸಾಯುವ ಭಾಗವನ್ನು ಹೇಗೋ ಓದಿದೆ. ತಡೆಯೋಕೆ ಆಗದೆ ಪುಸ್ತಕ ಮುಚ್ಚಿಟ್ಟಿದ್ದು ನಬೀಲನ ಭಾಗದಲ್ಲಿ. ನಜೀಬ್ ಊರು ಬಿಟ್ಟಾಗ ಹೆಂಡತಿ ಬಸುರಿ. ಗಂಡು ಹುಟ್ಟಿದರೆ ನಬೀಲ್ ಅಂತ ಹೆಸರಿಡಬೇಕು ಅಂದುಕೊಂಡಿರುತ್ತಾನೆ. ಅಲ್ಲಿ ತಾನೇ ನಿಂತು ಹೆರಿಗೆ ಮಾಡಿಸಿದ ಆಡಿನ ಮರಿಗೆ ಆ ಹೆಸರು ಇಡುತ್ತಾನೆ. ಮುಂದೆ ಆ ಮರಿಯ ಬೀಜ ಒಡೆಯುತ್ತಾರೆ. ಅವತ್ತೇ ತನ್ನ ಗಂಡಸುತನವೂ ಹೋಯಿತು ಅನ್ನುತ್ತಾನೆ ನಜೀಬ್.

ಇದನ್ನು ಅಮ್ಮನಿಗೆ ಹೇಳುವಾಗ ನನ್ನ ಮಾತು ತಡವರಿಸಿತು. 'ಕಸಿ ಮಾಡ್ತಾರೆ' ಅನ್ನಬಹುದಿತ್ತು, ಆದರೆ ಕಸಿ ಅಂದ ಕೂಡಲೇ ಈಗ ಮಾವಿನ ಗಿಡ ನೆನಪಾಗುತ್ತದೆ ಅಲ್ವಾ? 'ಹಿಡ ಮಾಡೋದು' ಅಂತಲೂ ಕೇಳಿದ್ದೇನೆ, ಹೋರಿಗೆ. ಆಡಿಗೂ ಅದೇ ಮಾತು ಸಲ್ಲುತ್ತದಾ? ಪಶುವೈದ್ಯರ ಕರಪತ್ರದ 'ನಿರ್ಬೀಜೀಕರಣ' ಅಂತೂ ಬೇಡವೇ ಬೇಡ. ಆ ಪದ ಹಾಕಿದರೆ ನಬೀಲನ ಅಳು ಯಾರ ಕಿವಿಗೂ ಬೀಳಲ್ಲ. ಕೊನೆಗೆ 'ಬೀಜ ಒಡೀತಾರೆ' ಅಂದೆ. ಅಮ್ಮ 'ಅಯ್ಯೋ' ಅಂದಳು. ಆದರೆ ಒಡೆಯೋದು ಅಂದರೆ ಜಜ್ಜುವ ಹಳೇ ಪದ್ಧತಿ. ಈಗ ಬರ್ಡಿಜೋ ಇಕ್ಕಳದಲ್ಲಿ ಚರ್ಮ ಹರಿಯದ ಹಾಗೆ ಒಳಗಿನ ನರ ಒತ್ತಿಬಿಡುತ್ತಾರೆ. ಅದಕ್ಕೂ ಕುರಿಗಾರರು ಒಡೆಯೋದು ಅಂತಲೇ ಅಂತಾರಾ, ಬೇರೆ ಮಾತಿದೆಯಾ?

ಜೊತೆಗೆ ಇನ್ನೊಂದು. ಬೀಜ ಇರುವ ಗಂಡು ಆಡಿಗೆ ಹೋತ ಅನ್ನುತ್ತೇವೆ. ಅದರ ನಾತ ದೂರಕ್ಕೇ ಬಡಿಯುತ್ತದೆ. ಬೀಜ ಒಡೆದರೆ ಆ ನಾತ ಇರಲ್ಲ, ಮೈಯೂ ತುಂಬಿಕೊಳ್ಳುತ್ತದೆ. ಮಾಂಸಕ್ಕೆ ಸಾಕುವವರು ಮಾಡಿಸೋದು ಇದಕ್ಕೇ. ಹಾಗಾದ ಮೇಲೆ ಅದನ್ನು ಹೋತ ಅಂತ ಕರೆಯೋಕೆ ಬರುತ್ತದಾ? ಬೇರೆ ಹೆಸರು ಇದ್ದೇ ಇರಬೇಕು ಅಂತ ನನ್ನ ಗುಮಾನಿ.

ಆಡುಗಳನ್ನು ಕೂಡಿಹಾಕುವ ಜಾಗಕ್ಕೆ ಕಾದಂಬರಿಯಲ್ಲಿ 'ಮಸರ' ಅಂತ ಅಲ್ಲಿಯ ಪದವೇ ಇದೆ. ಕನ್ನಡದಲ್ಲಿ ಹೇಳುವಾಗ ನಾನು ರೊಪ್ಪ ಅಂದೆ. ಹಟ್ಟಿ ಅಂದರೆ ಕುಂದಾಪುರದವರಿಗೆ ದನದ ಕೊಟ್ಟಿಗೆ, ಚಿತ್ರದುರ್ಗದವರಿಗೆ ಗೊಲ್ಲರ ಊರು. ಎರಡರಲ್ಲೂ ಮನುಷ್ಯರು ಹತ್ತಿರ ಇದ್ದಾರೆ, ನಜೀಬನಿಗೆ ಆ ಭಾಗ್ಯ ಇಲ್ಲ. ಅರ್ಬಾಬ್ (ಯಜಮಾನ), ಖುಬ್ಬೂಸ್ (ಅಲ್ಲಿಯ ರೊಟ್ಟಿ) ಮಾತ್ರ ಹಾಗೇ ಬಿಟ್ಟೆ. ಗಲ್ಫಿನಲ್ಲಿ ದುಡಿದು ಬಂದ ಮಂಗಳೂರು, ಉಡುಪಿ ಕಡೆಯವರಿಗೆ ಅವು ಹೊಸದೇನಲ್ಲ.

ರೊಪ್ಪ ಅನ್ನೋದು ಉತ್ತರ ಕರ್ನಾಟಕದ ಕುರಿಗಾರರಲ್ಲೂ ಇದೆಯಾ? ಶಿರಾ, ಹಿರಿಯೂರು, ಗದಗ, ಕೊಪ್ಪಳದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನಿಘಂಟಿನ ಅರ್ಥ ಬೇಡ, ಮನೆಯಲ್ಲಿ ಆಡುವ ಮಾತೇ ಬೇಕು.