2018ರ ಕಂಠೀರವ ಫೈನಲ್: ಕೈತಪ್ಪಿದ್ದು ಎಲ್ಲಿ?

ಪ್ರಶ್ನೆ: ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್‌ನಲ್ಲಿ ತಾನಾಡಿದ ಮೊದಲ ಋತುವಿನಲ್ಲೇ 40 ಅಂಕಗಳೊಂದಿಗೆ ಅಗ್ರಸ್ಥಾನ ಪಡೆದಿದ್ದ ಬೆಂಗಳೂರು ಎಫ್‌ಸಿ, ಮಾರ್ಚ್ 17ರಂದು ತವರಿನಲ್ಲೇ ಫೈನಲ್‌ನಲ್ಲಿ ಚೆನ್ನೈಯಿನ್ ಎಫ್‌ಸಿಗೆ 3–2ರಿಂದ ಸೋತದ್ದನ್ನು ನನಗೆ ಇಂದಿಗೂ ಅರಗಿಸಿಕೊಳ್ಳಲಾಗಿಲ್ಲ. ನಿಮಗೇನು ನೆನಪಿದೆ?

ಉತ್ತರ 1: ಕಾರ್ನರ್‌ಗಳು, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಕಿಕ್‌ಗಳು. ಒಂಬತ್ತನೆಯ ನಿಮಿಷದಲ್ಲಿ ನಮ್ಮ ನಾಯಕ ಸುನಿಲ್ ಛೆಟ್ರಿ ಮುಂದಕ್ಕೆ ಚಿಮ್ಮಿ ತಲೆಯಿಂದ ಗೋಲು ಹೊಡೆದಾಗ ಪಕ್ಕದ ಅಪರಿಚಿತರನ್ನು ತಬ್ಬಿಕೊಂಡಿದ್ದ ನಾನು, ವಿರಾಮಕ್ಕೆ ಮೊದಲೇ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳನ್ನು ತಲೆಯಿಂದಲೇ ಗೋಲಾಗಿಸಿದಾಗ, ಕೊರಳಲ್ಲಿದ್ದ ನೀಲಿ ಶಾಲನ್ನು ಹಿಂಡುತ್ತಾ ಕುಳಿತುಬಿಟ್ಟೆ.

ಉತ್ತರ 2: ನನಗೆ ಹೆಚ್ಚು ನೋವು ಕೊಟ್ಟದ್ದು ಕೊನೆಗಳಿಗೆಯಲ್ಲಿ ನಮ್ಮ ಮಿಕು ಗಳಿಸಿದ ಗೋಲು, ಆರಿಹೋಗಿದ್ದ ಆಸೆಯನ್ನು ಅದು ಮತ್ತೆ ಹೊತ್ತಿಸಿತ್ತು.

ಉತ್ತರ 3: ಮರುವರ್ಷ ಅದೇ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾವನ್ನು ಮಣಿಸಿ ಕಪ್ ಗೆದ್ದೆವು, ನಿಜ; ಆದರೆ ಅದು ಕಂಠೀರವದಲ್ಲಿ ಗೆದ್ದದ್ದಲ್ಲ.